ಚುಕ್ಕೆ ಕದಲಬಾರದು

ಪುಣೆಯ ಶಿವಾಜಿನಗರದಲ್ಲಿ ಇಂದು ಸಿಒಇಪಿ ಎಂದು ಕರೆಸಿಕೊಳ್ಳುವ ಇಂಜಿನಿಯರಿಂಗ್ ವಿದ್ಯಾಲಯ ನೂರು ವರ್ಷಗಳಿಗೂ ಹಿಂದೆ ‘ಕಾಲೇಜ್ ಆಫ್ ಸೈನ್ಸ್’ ಆಗಿತ್ತು. ಅಲ್ಲಿ ಪಾಠ ಹೇಳುತ್ತಿದ್ದ ಕಾವಸ್‌ಜಿ ದಾದಾಭಾಯಿ ನೇಗಾಂವಾಲಾ ಅವರಿಗೆ ಆಕಾಶದ ಹುಚ್ಚು. ಭಾವನಗರದ ಮಹಾರಾಜ ತಖ್ತಸಿಂಹಜಿ 1882ರಲ್ಲಿ ಐದು ಸಾವಿರ ರೂಪಾಯಿ ಕೊಟ್ಟರು, ಸರ್ಕಾರ ಅಷ್ಟೇ ಹಣ ಸೇರಿಸಿತು, 1888ರಲ್ಲಿ ವೀಕ್ಷಣಾಲಯ ಎದ್ದು ನಿಂತಿತು. ಅಲ್ಲಿದ್ದ 20 ಇಂಚಿನ ದೂರದರ್ಶಕ ಹಲವು ದಶಕಗಳ ಕಾಲ ಭಾರತದಲ್ಲೇ ದೊಡ್ಡದು. ನೇಗಾಂವಾಲಾ ನಿವೃತ್ತರಾದ 1912ರಲ್ಲಿ ವೀಕ್ಷಣಾಲಯ ಮುಚ್ಚಿತು, ದೂರದರ್ಶಕ ಕೊಡೈಕೆನಾಲ್ ಬೆಟ್ಟ ಹತ್ತಿತು.

ಆ ದೂರದರ್ಶಕವನ್ನು ಕಟ್ಟಿಕೊಟ್ಟವರು ಐರ್ಲೆಂಡಿನ ಡಬ್ಲಿನ್ ನಗರದ ಸರ್ ಹೊವಾರ್ಡ್ ಗ್ರಬ್. ಈ ಅಧ್ಯಾಯಕ್ಕೆ ಅವರು ಬೇಕಾಗಿರುವುದು ಇನ್ನೊಂದು ಕಾರಣಕ್ಕೆ. ಬಂದೂಕಿನ ಮೇಲೆ ಒಂದು ಗಾಜಿನ ತುಂಡು ಕೂರಿಸಿ, ಅದರಲ್ಲಿ ಬೆಳಕಿನ ಗುರುತೊಂದು ದೂರದ ಗುರಿಯ ಮೇಲೆಯೇ ಬಿದ್ದಿರುವಂತೆ ಕಾಣಿಸುವ ಉಪಾಯಕ್ಕೆ 1900ರಲ್ಲಿ ಪೇಟೆಂಟ್ ಪಡೆದವರು ಇವರೇ. ಇವತ್ತು ಪಿಸ್ತೂಲಿನ ಬೆನ್ನ ಮೇಲೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾಗಿ ಕೂತಿರುವ ‘ರೆಡ್ ಡಾಟ್’ ಆ ಪೇಟೆಂಟಿನ ಮೊಮ್ಮಗು. ಪುಣೆಯ ಆಕಾಶ ನೋಡಿದ ದೂರದರ್ಶಕಕ್ಕೂ ಈ ಕೆಂಪು ಚುಕ್ಕೆಗೂ ಹುಟ್ಟಿದ ಮನೆ ಒಂದೇ.

ಚುಕ್ಕೆ ಮೂಡುವ ಬಗೆ ತಿಳಿಯಲು ರಾತ್ರಿ ಬಸ್ಸು ಸಾಕು. ಬೆಂಗಳೂರಿನಿಂದ ಪುಣೆಗೆ ಹೊರಟ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೀರಿ ಎನ್ನಿ. ಒಳಗೆ ದೀಪ ಉರಿಯುತ್ತಿದ್ದರೆ ಗಾಜಿನಲ್ಲಿ ನಿಮ್ಮ ಮುಖವೂ ಕಾಣುತ್ತದೆ, ಹೊರಗಿನ ಹೊಲದ ಬದುವಿನ ಮರವೂ ಕಾಣುತ್ತದೆ. ಒಂದೇ ಗಾಜು ಒಳಗಿನದನ್ನು ಪ್ರತಿಫಲಿಸುತ್ತದೆ, ಹೊರಗಿನದನ್ನು ಹಾಯಗೊಡುತ್ತದೆ. ಆದರೆ ನೀವು ತಲೆ ಸ್ವಲ್ಪ ಸರಿಸಿದರೆ ಒಳಗಿನ ದೀಪದ ಬಿಂಬ ಮರದಿಂದ ಮರಕ್ಕೆ ಹಾರಿಬಿಡುತ್ತದೆ. ಅದನ್ನು ನಂಬಿ ಗುರಿ ಹಿಡಿಯುವಂತಿಲ್ಲ.

ಈಗ ಅದೇ ಕಿಟಕಿಯಿಂದ ಚಂದ್ರನನ್ನು ನೋಡಿ. ಮರ, ಕಂಬ, ಊರು ಎಲ್ಲ ಹಿಂದೆ ಓಡುತ್ತವೆ, ಚಂದ್ರ ಮಾತ್ರ ಬಸ್ಸಿನ ಜೊತೆಗೇ ಬರುತ್ತಾನೆ. ಅವನು ಅಷ್ಟು ದೂರದಲ್ಲಿರುವುದರಿಂದ ಅವನಿಂದ ಬರುವ ಕಿರಣಗಳು ನಮ್ಮನ್ನು ತಲುಪುವಾಗ ಒಂದಕ್ಕೊಂದು ಸಮಾನಾಂತರವಾಗಿರುತ್ತವೆ. ನೀವು ಎಲ್ಲಿಗೆ ಸರಿದರೂ ದಿಕ್ಕು ಬದಲಾಗುವುದಿಲ್ಲ. ಗ್ರಬ್ ಮಾಡಿದ್ದು ಇದನ್ನೇ. ಗುರುತಿನಿಂದ ಹೊರಟ ಬೆಳಕನ್ನು ಸಮಾನಾಂತರವಾಗಿಸಿ ಕಣ್ಣಿಗೆ ಕಳಿಸಿದರು. ಹಾಗಾಗಿ ಗುರುತು ಕಣ್ಣಿಗೆ ಚಂದ್ರನಷ್ಟೇ ದೂರದಲ್ಲಿರುವಂತೆ ತೋರುತ್ತದೆ. ಇಂದಿನ ರೆಡ್ ಡಾಟ್‌ನಲ್ಲಿ ಗಾಜೇ ಬಾಗಿದ ಕನ್ನಡಿ. ಅದರ ನಾಭಿಯಲ್ಲಿ ಒಂದು ಪುಟ್ಟ ಎಲ್‌ಇಡಿ. ಗಾಜಿನ ಮೇಲಿನ ತೆಳು ಲೇಪ ಕೆಂಪನ್ನಷ್ಟೇ ಹಿಂದಕ್ಕೆ ಕಳಿಸಿ ಉಳಿದ ಬಣ್ಣಗಳನ್ನು ಒಳಬಿಡುತ್ತದೆ. ಕೆಂಪು ಎಲ್‌ಇಡಿಯನ್ನು ನಿಕ್ ಹೊಲೊನ್ಯಾಕ್ ತೋರಿಸಿದ್ದು 1962ರಲ್ಲಿ. ಅದನ್ನು ಬಳಸಿದ ಮೊದಲ ರೆಡ್ ಡಾಟ್ ಸಾಧನವನ್ನು ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ ಮಾರುಕಟ್ಟೆಗೆ ತಂದದ್ದು 1975ರಲ್ಲಿ.

ಇದರಿಂದ ಲಾಭ ಏನು ಎಂದು ನಲವತ್ತು ದಾಟಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಾಮೂಲು ಪಿಸ್ತೂಲಿನಲ್ಲಿ ಹಿಂದೆ ಒಂದು ಕಚ್ಚು, ಮುಂದೆ ಒಂದು ಮೊಳೆ. ಎನ್‌ಸಿಸಿಯಲ್ಲಿ ರೈಫಲ್ ಹಿಡಿದವರು ಇವನ್ನು ಬ್ಯಾಕ್‌ಸೈಟ್, ಫೋರ್‌ಸೈಟ್ ಎಂದು ಕಲಿತಿರುತ್ತಾರೆ. ಕೊಡಗಿನಲ್ಲಿ ಕೈಲ್‌ಪೊಳ್ದಿನ ಹೊತ್ತಿಗೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಕೋವಿ ಹಿಡಿಯುವವರಿಗೂ ಗೊತ್ತಿರುವ ಕಷ್ಟವಿದು: ಹತ್ತಿರದ ಲೋಹದ ತುದಿ, ದೂರದ ಗುರಿ, ಎರಡನ್ನೂ ಕಣ್ಣು ಒಟ್ಟಿಗೆ ಸ್ಪಷ್ಟವಾಗಿ ಕಾಣಲಾರದು. ಚಾಳೀಸು ಬಂದ ಮೇಲಂತೂ ಮುಂದಿನ ಮೊಳೆ ಮಂಜಾಗುತ್ತದೆ. ರೆಡ್ ಡಾಟ್‌ನಲ್ಲಿ ಎರಡೂ ಕಣ್ಣು ತೆರೆದು ಗುರಿಯನ್ನಷ್ಟೇ ನೋಡಿದರೆ ಸಾಕು, ಚುಕ್ಕೆ ಅಲ್ಲೇ ಇರುತ್ತದೆ.

ಆದರೆ ಚಂದ್ರನಿಗೂ ಈ ಚುಕ್ಕೆಗೂ ಒಂದು ವ್ಯತ್ಯಾಸವಿದೆ, ಈ ಅಧ್ಯಾಯದ ವಿಷಯವೇ ಅದು. ಬಸ್ಸು ಅಲ್ಲಾಡಿದರೆ ಚಂದ್ರ ಅಲ್ಲಾಡುವುದಿಲ್ಲ. ಚುಕ್ಕೆಯ ದಿಕ್ಕು ಮಾತ್ರ ಗಾಜಿಗೂ ಎಲ್‌ಇಡಿಗೂ, ಅಂದರೆ ಆ ಸಾಧನದ ಮೈಗೆ ಅಂಟಿಕೊಂಡಿದೆ. ಮೈ ವಾಲಿದರೆ ಚುಕ್ಕೆಯೂ ವಾಲುತ್ತದೆ. ವಾಲಿದ್ದು ಕಣ್ಣಿಗೆ ತಿಳಿಯುವುದೂ ಇಲ್ಲ. ಚುಕ್ಕೆ ಮೊದಲಿನಷ್ಟೇ ಸ್ವಚ್ಛವಾಗಿ ಗುರಿಯ ಮೇಲೆ ಕೂತಿರುತ್ತದೆ, ನಳಿಕೆ ಮಾತ್ರ ಬೇರೆ ಕಡೆ ನೋಡುತ್ತಿರುತ್ತದೆ.

ಎಷ್ಟು ವಾಲಿದರೆ ಎಷ್ಟು ತಪ್ಪು? ಸಾಧನದ ತಳ ಪಿಸ್ತೂಲಿನ ಮೇಲೆ ಸುಮಾರು 25 ಮಿಲಿಮೀಟರ್ ಉದ್ದಕ್ಕೆ ಕೂತಿದೆ ಎನ್ನೋಣ. ಹಿಂದಿನ ತುದಿ 0.05 ಮಿಲಿಮೀಟರ್ ಎದ್ದಿತು. ತಲೆಗೂದಲಿಗಿಂತ ತೆಳುವಾದ ಸಂದು ಅದು. 0.05ನ್ನು 25ರಿಂದ ಭಾಗಿಸಿದರೆ ಐನೂರಕ್ಕೆ ಒಂದು. 25 ಮೀಟರ್ ದೂರದಲ್ಲಿ ಅದು 5 ಸೆಂಟಿಮೀಟರ್ ಆಗುತ್ತದೆ. ಆ ದೂರದಲ್ಲಿ ಚುಕ್ಕೆಯೇ ಮುಚ್ಚುವ ಜಾಗ ಎರಡು ಸೆಂಟಿಮೀಟರ್ ಚಿಲ್ಲರೆ ಇರುವಾಗ ಐದು ಸೆಂಟಿಮೀಟರ್ ಎಂದರೆ ಗುರಿ ತಪ್ಪಿದಂತೆಯೇ. ಗ್ರಬ್ ಅವರ ದೂರದರ್ಶಕಕ್ಕೆ ಗಟ್ಟಿ ಕಟ್ಟೆ ಕಟ್ಟಿ ಕೂರಿಸಿದ್ದರು. ಇಲ್ಲಿ ಅದೇ ಕೆಲಸವನ್ನು ಎರಡು ಪುಟಾಣಿ ತಿರುಪುಗಳು ಮಾಡಬೇಕು, ಅದೂ ಓಡುವ ಲೋಹದ ಮೇಲೆ.

ಓಡುವ ಲೋಹ ಎಂದೆ. ಅರೆ ಸ್ವಯಂಚಾಲಿತ ಪಿಸ್ತೂಲಿನ ಮೇಲ್ಭಾಗಕ್ಕೆ ಸ್ಲೈಡ್ ಎಂದು ಹೆಸರು. ಪ್ರತಿ ಗುಂಡಿಗೂ ಅದು ಹಿಂದಕ್ಕೆ ಚಿಮ್ಮಿ, ಖಾಲಿ ತೋಟಾ ಹೊರಗೆಸೆದು, ಮುಂದಕ್ಕೆ ಬಂದು ಹೊಸದನ್ನು ತಳ್ಳಿಕೊಳ್ಳುತ್ತದೆ. 1990ರ ಸುಮಾರಿಗೆ ಸ್ಪರ್ಧೆಯ ಪಿಸ್ತೂಲುಗಳಿಗೆ ಚುಕ್ಕೆ ಬಂದಾಗ ಯಾರೂ ಅದನ್ನು ಸ್ಲೈಡಿನ ಮೇಲೆ ಕೂರಿಸುವ ಧೈರ್ಯ ಮಾಡಲಿಲ್ಲ. ಕೆಳಗಿನ ಚೌಕಟ್ಟಿಗೆ ಬ್ರಾಕೆಟ್ ಬಿಗಿದು ಮೇಲೆ ಎತ್ತಿ ಹಿಡಿದರು. ಸ್ಲೈಡ್ ಅದರ ಕೆಳಗೆ ಓಡಾಡಿಕೊಂಡಿತ್ತು. ಗಟ್ಟಿ ಉಪಾಯ, ಆದರೆ ಸೊಂಟದ ಚೀಲಕ್ಕೆ ಹಿಡಿಸದ ಉಪಾಯ. ಅಮೆರಿಕದ ಟ್ರಿಜಿಕಾನ್ ಕಂಪನಿಯ ಆರ್‌ಎಂಆರ್ 2009ರಲ್ಲಿ ಬಂದು ಸ್ಲೈಡಿನ ಮೇಲೆಯೇ ಬಾಳಿಕೆ ಬರುವ ಚುಕ್ಕೆ ಸಾಧ್ಯ ಎಂದು ತೋರಿಸಿತು. 2015ರಲ್ಲಿ ಗ್ಲಾಕ್ ಕಂಪನಿ ಕಾರ್ಖಾನೆಯಲ್ಲೇ ಸ್ಲೈಡ್ ಕೊರೆದು, ಬೇರೆ ಬೇರೆ ಸಾಧನಗಳಿಗೆ ಹೊಂದುವ ಪಟ್ಟಿಗಳ ಸಮೇತ ಮಾರತೊಡಗಿತು.

ಸ್ಲೈಡ್ ಎಷ್ಟು ಜೋರಾಗಿ ಚಿಮ್ಮುತ್ತದೆ? ಕಾಗದ ಪೆನ್ನು ತೆಗೆದುಕೊಳ್ಳಿ, ಹೈಸ್ಕೂಲಿನ ನ್ಯೂಟನ್ ಸಾಕು. 9 ಮಿಲಿಮೀಟರ್ ಪಿಸ್ತೂಲಿನ ಗುಂಡು 8 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 360 ಮೀಟರ್. ಗುಂಡು ಮುಂದಕ್ಕೆ ಒಯ್ದಷ್ಟೇ ಸಂವೇಗವನ್ನು ಸ್ಲೈಡೂ ನಳಿಕೆಯೂ ಹಿಂದಕ್ಕೆ ಹೊರಬೇಕು. ಅವೆರಡೂ ಸೇರಿ ಅರ್ಧ ಕಿಲೋ ಎಂದಿಟ್ಟುಕೊಂಡರೆ ವೇಗ ಸೆಕೆಂಡಿಗೆ ಸುಮಾರು 6 ಮೀಟರ್. ಕೇಳಲು ದೊಡ್ಡದಲ್ಲ, ಸೈಕಲ್ಲಿನ ವೇಗ. ಆದರೆ ನಿಂತಲ್ಲಿಂದ ಆ ವೇಗಕ್ಕೆ ಏರಲು ಸಿಗುವ ಕಾಲ ಗುಂಡು ನಳಿಕೆ ದಾಟುವಷ್ಟು ಮಾತ್ರ: ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲು. ಭಾಗಿಸಿ ನೋಡಿದರೆ ವೇಗೋತ್ಕರ್ಷ ಭೂಮಿಯ ಗುರುತ್ವದ 1,200 ಪಟ್ಟು. ಯುದ್ಧವಿಮಾನದ ಪೈಲಟ್ ಕಷ್ಟಪಟ್ಟು ತಾಳುವುದು 9 ಪಟ್ಟು.

1,200 ಪಟ್ಟು ಎಂಬುದು ಸರಾಸರಿ. ಮದ್ದಿನ ಒತ್ತಡ ಶಿಖರ ಮುಟ್ಟುವ ಕ್ಷಣದ ಲೆಕ್ಕ ಬೇರೆ. ಈ ತೋಟಾಕ್ಕೆ ಯುರೋಪಿನ ಮಾನದಂಡ ಒಪ್ಪುವ ಗರಿಷ್ಠ ಒತ್ತಡ 2,350 ಬಾರ್. ಅದನ್ನು 9 ಮಿಲಿಮೀಟರ್ ವ್ಯಾಸದ ವೃತ್ತದ ಮೇಲೆ ಹಾಕಿದರೆ ಸುಮಾರು ಒಂದೂವರೆ ಟನ್ ಬಲ. ಅರ್ಧ ಕಿಲೋ ಲೋಹವನ್ನು ಒಂದೂವರೆ ಟನ್ ತಳ್ಳಿದರೆ 3,000 ಪಟ್ಟು. ಅಂದರೆ 30 ಗ್ರಾಂ ತೂಗುವ ರೆಡ್ ಡಾಟ್, ಆ ಕಣ್ಣೆವೆಯ ಕಾಲದ ಸಣ್ಣ ತುಣುಕಿನಲ್ಲಿ, 90 ಕಿಲೋ ತೂಕದ ಆಸಾಮಿಯಂತೆ ತನ್ನ ಜಾಗಕ್ಕೆ ಜೋತುಬೀಳುತ್ತದೆ. ಸರಾಸರಿ ಹಿಡಿದರೂ 36 ಕಿಲೋ. ಅಲ್ಲಿಗೇ ಮುಗಿಯಲಿಲ್ಲ. ಸ್ಲೈಡ್ ಹಿಂದೆ ಹೋಗಿ ಚೌಕಟ್ಟಿಗೆ ಬಡಿಯುತ್ತದೆ, ಒಂದು ಪೆಟ್ಟು; ಸ್ಪ್ರಿಂಗ್ ತಳ್ಳಿ ಮುಂದಕ್ಕೆ ಬಂದು ಮುಚ್ಚಿಕೊಳ್ಳುತ್ತದೆ, ಇನ್ನೊಂದು ಪೆಟ್ಟು. ಒಂದು ಗುಂಡಿಗೆ ಮೂರು ಏಟು, ದಿಕ್ಕು ಬದಲಾಯಿಸುತ್ತಾ.

ಈ ಏಟನ್ನು ತಿರುಪು ತಡೆಯುತ್ತದೆ ಎಂದುಕೊಳ್ಳುವುದು ಸಹಜ. ನಾನೂ ಬಹಳ ದಿನ ಹಾಗೇ ತಿಳಿದಿದ್ದೆ. ತಿರುಪು ಗೋಡೆಗೆ ಹೊಡೆದ ಗೂಟದಂತೆ ಅಡ್ಡ ನಿಂತು ಸಾಧನವನ್ನು ತಡೆಹಿಡಿಯುತ್ತದೆ ಎಂಬುದು ಕಣ್ಣಿಗೆ ಕಾಣುವ ಚಿತ್ರ. ಒಳಗಿನ ಸಂಗತಿ ಬೇರೆ. ತಿರುಪನ್ನು ಬಿಗಿದಾಗ ಅದು ರಬ್ಬರಿನಂತೆ ಕೊಂಚ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಉಕ್ಕಿಗೂ ಆ ಗುಣವಿದೆ, ನಮ್ಮ ಕಣ್ಣಿಗೆ ಕಾಣದಷ್ಟು. ಎಳೆದುಕೊಂಡ ಉಕ್ಕು ಮತ್ತೆ ಕುಗ್ಗಲು ಹವಣಿಸುತ್ತದೆ. ಆ ಹವಣಿಕೆಯೇ ಸಾಧನವನ್ನು ಸ್ಲೈಡಿಗೆ ಅಮುಕುತ್ತದೆ. ಅಮುಕಿದ ಎರಡು ಮುಖಗಳ ನಡುವಿನ ಘರ್ಷಣೆ ಜಾರದಂತೆ ಹಿಡಿಯುತ್ತದೆ. ಹಿಡಿದಿರುವುದು ಮುಖಗಳು, ತಿರುಪು ಅವನ್ನು ಒತ್ತಿ ಕೊಡುತ್ತದೆ, ಅಷ್ಟೆ.

ಆರ್‌ಎಂಆರ್ ಮಾದರಿಯ ತಿರುಪು ಮೂರೂವರೆ ಮಿಲಿಮೀಟರ್ ದಪ್ಪ. ಅದನ್ನು ಬಿಗಿಯಲು ಹೇಳಿರುವ ತಿರುಚುಬಲ 12 ಇಂಚು-ಪೌಂಡ್. ಇದು ಎಷ್ಟೆಂದರೆ, ಒಂದು ಗೇಣುದ್ದದ ಹಿಡಿಯ ತುದಿಗೆ 600 ಗ್ರಾಂ ತೂಕ ನೇತುಹಾಕಿದಷ್ಟು. ಅಷ್ಟರಿಂದಲೇ ತಿರುಪಿನಲ್ಲಿ ಸುಮಾರು 190 ಕಿಲೋ ಎಳೆತ ಹುಟ್ಟುತ್ತದೆ. ಎರಡು ತಿರುಪು ಸೇರಿ ನಾಲ್ಕು ಕ್ವಿಂಟಲ್ ಹತ್ತಿರ. ಇಳಿಜಾರಿನ ಥ್ರೆಡ್ ಎಂಬುದು ಎಂಥ ಸನ್ನೆ ನೋಡಿ! ಆದರೆ ಇದರಲ್ಲಿ ಒಂದು ಗುಟ್ಟಿದೆ. ನಮ್ಮ ಕೈ ಹಾಕಿದ ಶ್ರಮದಲ್ಲಿ ಹತ್ತರಲ್ಲಿ ಸುಮಾರು ಒಂದು ಪಾಲು ಮಾತ್ರ ತಿರುಪನ್ನು ಎಳೆಯುತ್ತದೆ. ಉಳಿದ ಒಂಬತ್ತು ಪಾಲನ್ನು ತಿರುಪಿನ ತಲೆಯಡಿಯ ಉಜ್ಜಾಟ ಮತ್ತು ಥ್ರೆಡ್ಡಿನ ಉಜ್ಜಾಟ ತಿಂದುಹಾಕುತ್ತವೆ. ತಲೆಯಡಿ ಒಂದು ಕಣ ಮರಳಿದ್ದರೆ, ಥ್ರೆಡ್ಡಿನಲ್ಲಿ ಹಳೆ ಅಂಟಿನ ಚೂರಿದ್ದರೆ, ಆ ಒಂದು ಪಾಲೂ ಸಿಗದೆ ಹೋಗಬಹುದು. ಸ್ಕ್ರೂಡ್ರೈವರ್ ‘ಬಿಗಿಯಾಯಿತು’ ಎನ್ನುತ್ತದೆ, ತಿರುಪು ಸಡಿಲವೇ ಉಳಿದಿರುತ್ತದೆ.

ಸರಿ, ನಾಲ್ಕು ಕ್ವಿಂಟಲ್ ಅಮುಕಿದೆವು. ಒಣ ಉಕ್ಕಿನ ಮೇಲೆ ಘರ್ಷಣೆ ಅದರ ಏಳರಲ್ಲೊಂದು ಪಾಲು ಎಂದರೂ 60 ಕಿಲೋ ಹಿಡಿತ. ಸರಾಸರಿ ಏಟು 36 ಕಿಲೋ, ತಡೆಯಬಹುದು. ಶಿಖರದ ಏಟು 90 ಕಿಲೋ, ತಡೆಯಲಾಗದು. ಮುಖಗಳ ನಡುವೆ ಎಣ್ಣೆಯ ಪಸೆ ಇದ್ದರೆ ಹಿಡಿತ 40ಕ್ಕೂ ಇಳಿದೀತು. ಲೆಕ್ಕ ಇಲ್ಲಿ ಕೈ ಕೊಡುತ್ತದೆ, ಹಾಗಾಗಿಯೇ ಒಳ್ಳೆಯ ವಿನ್ಯಾಸದಲ್ಲಿ ತಿರುಪಿನ ಜೊತೆಗೆ ಇನ್ನೊಂದು ಅಂಗವಿರುತ್ತದೆ. ಸ್ಲೈಡಿನಿಂದ ಎದ್ದ ಎರಡು ಗಿಡ್ಡ ಗುಬ್ಬಿಗಳು, ಸಾಧನದ ತಳದಲ್ಲಿ ಅವಕ್ಕೆ ಸರಿಯಾಗಿ ಕೂರುವ ಎರಡು ಗುಳಿಗಳು. ಬೀಸುವ ಕಲ್ಲಿನ ಗೂಟ ಮೇಲಿನ ಕಲ್ಲನ್ನು ನಡುವಿನಿಂದ ಸರಿಯಗೊಡದ ಹಾಗೆ, ಈ ಗುಬ್ಬಿಗಳು ಸಾಧನ ಹಿಂದೆ ಮುಂದೆ ಜಾರದಂತೆ ತಡೆಯುತ್ತವೆ. ಏಮ್‌ಪಾಯಿಂಟ್ 2019ರಲ್ಲಿ ತಂದ ಆಕ್ರೊ ಮಾದರಿ ಗುಬ್ಬಿಗಳ ಬದಲು ಅಡ್ಡಪಟ್ಟಿಯೊಂದನ್ನು ಗಾಡಿಯೊಳಗೆ, ಅಂದರೆ ಅಡ್ಡಕ್ಕೆ ಕೊರೆದ ತೋಡಿನೊಳಗೆ ಕೂರಿಸಿ, ಪಕ್ಕದಿಂದ ಇಕ್ಕಳದಂತೆ ಕಚ್ಚಿ ಹಿಡಿಯುತ್ತದೆ. ನನಗೆ ಕೇಳಿದರೆ ಇದು ಹೆಚ್ಚು ಭರವಸೆಯ ದಾರಿ: ಏಟು ಹೊರುವ ಕೆಲಸ ಪೂರ್ತಿ ಪಟ್ಟಿಯದು, ತಿರುಪಿನದು ಕಚ್ಚಿ ಹಿಡಿಯುವ ಕೆಲಸ ಮಾತ್ರ.

ಕೂರಿಸುವ ದಾರಿಗಳು ಮುಖ್ಯವಾಗಿ ಮೂರು. ಹಿಂದಿನ ಕಬ್ಬಿಣದ ಸೈಟ್ ತೆಗೆದು ಅದರ ಗಾಡಿಗೆ ಒಂದು ಪಟ್ಟಿ ತೂರಿಸಿ ಮೇಲೆ ರೆಡ್ ಡಾಟ್ ಇಡುವುದು ಅಗ್ಗದ ದಾರಿ. ಚುಕ್ಕೆ ಎತ್ತರದಲ್ಲಿ ತೂಗಾಡಿದಂತಿರುತ್ತದೆ, ಸನ್ನೆ ಉದ್ದವಾಗಿ ಏಟು ಹೆಚ್ಚು ತಾಗುತ್ತದೆ. ಇದನ್ನು ಯಾರಿಗೂ ಶಿಫಾರಸು ಮಾಡಲಾರೆ. ಎರಡನೆಯದು ಕಾರ್ಖಾನೆಯ ಕೊರೆದ ಸ್ಲೈಡು, ನಡುವೆ ಹೊಂದಾಣಿಕೆಯ ಪಟ್ಟಿ, ಮೇಲೆ ಸಾಧನ. ಅನುಕೂಲದ ದಾರಿ, ಬೇರೆ ಕಂಪನಿಯ ಸಾಧನ ಬಂದರೆ ಪಟ್ಟಿ ಬದಲಿಸಿದರಾಯಿತು. ಆದರೆ ಮುಖಗಳು ಎರಡು ಜೋಡಿ, ತಿರುಪುಗಳು ನಾಲ್ಕು, ಸಡಿಲವಾಗಲು ಅವಕಾಶವೂ ದುಪ್ಪಟ್ಟು. ಪಟ್ಟಿ ಒಂದಿಷ್ಟು ಬಾಗಿದ್ದರೂ ಎಷ್ಟು ಬಿಗಿದರೂ ಕುಂಟುವ ಮಣೆಯಂತೆ ಅಲ್ಲಾಡುತ್ತದೆ. ಮೂರನೆಯದು ಒಂದೇ ಸಾಧನದ ಅಳತೆಗೆ ಸ್ಲೈಡನ್ನೇ ಗಣಕಯಂತ್ರದ ಮಿಲ್ಲಿಂಗ್‌ನಲ್ಲಿ ಕೊರೆಯುವುದು. ಗುಳಿಯ ಮುಂದಿನ ಹಿಂದಿನ ಗೋಡೆಗಳೇ ಏಟು ಹೊರುತ್ತವೆ, ಚುಕ್ಕೆ ತಗ್ಗಿನಲ್ಲಿ ಕೂರುತ್ತದೆ. ಎಲ್ಲಕ್ಕಿಂತ ಗಟ್ಟಿ. ಒಮ್ಮೆ ಕೊರೆದರೆ ಹಿಂದಕ್ಕೆ ಹೋಗುವಂತಿಲ್ಲ, ಅದೊಂದೇ ಬೆಲೆ.

ಇನ್ನು ತಿರುಪು ಸಡಿಲವಾಗುವ ಬಗೆ. ಅಲ್ಲಾಡಿಸಿದರೆ ತಿರುಪು ಬಿಚ್ಚಿಕೊಳ್ಳುತ್ತದೆ ಎಂದು ಎಲ್ಲರಿಗೂ ಗೊತ್ತು. ಯಾವ ಬಗೆಯ ಅಲ್ಲಾಟ ಎಂಬುದನ್ನು ಜರ್ಮನ್ ಇಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ತೋರಿಸಿದರು. ತಿರುಪಿನ ಉದ್ದಕ್ಕೆ ಎಳೆದಾಡಿದರೆ ಅದು ಬಹಳ ಮಟ್ಟಿಗೆ ಸಹಿಸಿಕೊಳ್ಳುತ್ತದೆ. ಅಡ್ಡಡ್ಡ ಜಾರಿಸಿದರೆ ತಾನಾಗಿಯೇ ತಿರುಗಿ ಹೊರಬರುತ್ತದೆ. ದನ ಕಟ್ಟುವ ಗೂಟ ಕೀಳುವವರಿಗೆ ಇದು ಹೊಸದಲ್ಲ. ನೇರ ಮೇಲಕ್ಕೆ ಎಳೆದರೆ ಗೂಟ ಬರುವುದಿಲ್ಲ. ಎಡಕ್ಕೆ ಬಲಕ್ಕೆ ಕುಲುಕಿದರೆ ಬೆರಳಿಗೇ ಬರುತ್ತದೆ. ಅಡ್ಡ ಜಾರುವ ಕ್ಷಣದಲ್ಲಿ ಥ್ರೆಡ್ಡಿನ ಘರ್ಷಣೆ ಆ ಜಾರುವಿಕೆಯಲ್ಲೇ ಖರ್ಚಾಗಿಹೋಗುತ್ತದೆ. ತಿರುಗುವುದನ್ನು ತಡೆಯಲು ಏನೂ ಉಳಿಯುವುದಿಲ್ಲ. ಪಿಸ್ತೂಲಿನ ಏಟು ನೂರಕ್ಕೆ ನೂರು ಅಡ್ಡ ಏಟು, ಅದೂ ಹಿಂದೆ ಮುಂದೆ. ಹಾಗಾಗಿ ಜಾರುವಿಕೆಯನ್ನೇ ಇಲ್ಲವಾಗಿಸಿದರೆ ತಿರುಪು ಉಳಿಯುತ್ತದೆ. ಗುಬ್ಬಿ, ಗುಳಿ, ಗೋಡೆ ಎಲ್ಲ ಇರುವುದು ಇದಕ್ಕೇ.

ಅದರ ಮೇಲೂ ಒಂದು ಹನಿ ಅಂಟು. ಅಮೆರಿಕದ ಹಾರ್ಟ್‌ಫರ್ಡ್‌ನ ಟ್ರಿನಿಟಿ ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ವರ್ನನ್ ಕ್ರೀಬಲ್ 1953ರಲ್ಲಿ ಕಂಡುಕೊಂಡ ದ್ರವವಿದು. ಲಾಕ್‌ಟೈಟ್ ಎಂದರೆ ನಮ್ಮ ಗ್ಯಾರೇಜಿನ ಹುಡುಗರಿಗೂ ಗೊತ್ತು. ಬೇರೆ ಹಲವು ಅಂಟುಗಳು ಗಾಳಿಗೆ ಒಣಗುತ್ತವೆ. ಇದು ಗಾಳಿ ಇರುವವರೆಗೆ ನೀರಾಗಿರುತ್ತದೆ, ಗಾಳಿ ತಪ್ಪಿ ಲೋಹ ತಾಗಿದ ಕೂಡಲೇ ಗಟ್ಟಿಯಾಗತೊಡಗುತ್ತದೆ. ಅದರ ಬಾಟಲಿಯನ್ನು ಪೂರ್ತಿ ತುಂಬದಿರುವುದೂ, ಗಾಳಿಯಾಡುವ ಪ್ಲಾಸ್ಟಿಕ್ಕಿನಲ್ಲಿ ಮಾಡುವುದೂ ಇದೇ ಕಾರಣಕ್ಕೆ. ಥ್ರೆಡ್ಡಿನ ಸಂದುಗಳಲ್ಲಿ ಗಾಳಿಗೆ ಜಾಗವಿಲ್ಲ, ಅಲ್ಲಿ ಅದು ಕಲ್ಲಾಗುತ್ತದೆ. ನೀಲಿ ಬಣ್ಣದ್ದನ್ನು ಕೈಯ ಉಪಕರಣದಿಂದ ಬಿಚ್ಚಬಹುದು; ಕೆಂಪು ಬಣ್ಣದ್ದಕ್ಕೆ ಕಾವು ಕೊಡಬೇಕಾಗುತ್ತದೆ, ಕಾವು ಎಂದರೆ ಎಲ್‌ಇಡಿಗೂ ಮಸೂರಕ್ಕೂ ಕೇಡು. ಚುಕ್ಕೆಗೆ ನೀಲಿಯೇ ಸರಿ.

ಕೆಲಸದ ಮೇಜಿನ ಮೇಲೆ ಇದೆಲ್ಲ ಹೇಗೆ ಕಾಣುತ್ತದೆ? ಮೊದಲು ಆರ್ಮರರ್, ಅಂದರೆ ಬಂದೂಕು ಸರಿಮಾಡುವವರು, ಪಿಸ್ತೂಲು ಖಾಲಿಯಿದೆಯೆಂದು ಎರಡು ಸಲ ನೋಡಿ, ತೋಟಾಗಳನ್ನು ಬೇರೆ ಕೋಣೆಗೆ ಕಳಿಸುತ್ತಾರೆ. ಸ್ಲೈಡ್ ಕಳಚಿ, ಸ್ಪಿರಿಟ್ ಅದ್ದಿದ ಬಟ್ಟೆಯಿಂದ ತಿರುಪು, ತೂತು, ಮುಖ ಎಲ್ಲವನ್ನೂ ಒರೆಸುತ್ತಾರೆ. ಬಟ್ಟೆ ಬಿಳಿಯಾಗಿಯೇ ಹಿಂದೆ ಬರುವವರೆಗೆ. ಸಾಧನವನ್ನು ತಿರುಪಿಲ್ಲದೆ ಬರಿಗೈಯಲ್ಲಿ ಇಟ್ಟು ಮೂಲೆಗಳನ್ನು ಬೆರಳಿನಿಂದ ಒತ್ತುತ್ತಾರೆ. ಟಿಕ್ ಎಂದರೆ ಮುಖ ಸಮನಾಗಿಲ್ಲ. ಅಲ್ಲಿಗೇ ನಿಲ್ಲಿಸಿ ಕಾರಣ ಹುಡುಕಬೇಕು. ಆಮೇಲೆ ತಿರುಪಿನ ಉದ್ದ. ಗಿಡ್ಡವಾದರೆ ಕಚ್ಚಲು ಥ್ರೆಡ್ ಸಾಲದು, ಉಕ್ಕಿನಲ್ಲಿ ತಿರುಪಿನ ದಪ್ಪದಷ್ಟು ಆಳವಾದರೂ ಹಿಡಿದಿರಬೇಕು. ಉದ್ದವಾದರೆ ಇನ್ನೂ ಕೆಟ್ಟದ್ದು. ಕೆಲವು ಸ್ಲೈಡುಗಳಲ್ಲಿ ಆ ತೂತಿನ ಕೆಳಗೇ ಖಾಲಿ ತೋಟಾ ಹೊರಗೆಳೆಯುವ ಕೊಕ್ಕೆಯ ಸ್ಪ್ರಿಂಗ್ ಕೂತಿರುವ ಸುರಂಗವಿದೆ. ಅರ್ಧ ಮಿಲಿಮೀಟರ್ ಹೆಚ್ಚಾದರೂ ತಿರುಪಿನ ಮೂತಿ ಅಲ್ಲಿಗೆ ಚುಚ್ಚಿ ಪಿಸ್ತೂಲು ಸಿಕ್ಕಿಹಾಕಿಕೊಳ್ಳುತ್ತದೆ. ಚುಕ್ಕೆ ಚೆನ್ನಾಗಿ ಕೂತಿದೆ, ಬಂದೂಕು ಮಾತ್ರ ಕೆಲಸ ಮಾಡುತ್ತಿಲ್ಲ!

ಎಲ್ಲ ಸರಿಯಿದ್ದರೆ ಥ್ರೆಡ್ಡಿಗೆ ಸಾಸಿವೆ ಕಾಳಿನಷ್ಟು ನೀಲಿ ಹನಿ. ಎರಡೂ ತಿರುಪನ್ನು ಕೈಯಲ್ಲಿ ಕೂರಿಸಿ, ಒಂದನ್ನು ಸ್ವಲ್ಪ, ಇನ್ನೊಂದನ್ನು ಸ್ವಲ್ಪ, ಹೀಗೆ ಸರದಿಯ ಮೇಲೆ ಬಿಗಿಯುತ್ತಾರೆ. ಕೊನೆಯ ಬಿಗಿತಕ್ಕೆ ಟಾರ್ಕ್ ಡ್ರೈವರ್ ಬೇಕೇ ಬೇಕು. ನಿಗದಿತ ಬಲ ಮುಟ್ಟಿದ ಕೂಡಲೇ ಅದು ಕ್ಲಿಕ್ ಎಂದು ಬಿಟ್ಟುಕೊಡುತ್ತದೆ. ಕೈಯಂದಾಜಿನಲ್ಲಿ ಬಿಗಿಯುವವರು ಮೂರೂವರೆ ಮಿಲಿಮೀಟರ್ ತಿರುಪಿನ ತಲೆಯನ್ನೇ ಮುರಿದುಬಿಡುತ್ತಾರೆ. ಆಮೇಲೆ ಒಂದು ಹಗಲು ಒಂದು ರಾತ್ರಿ ಮುಟ್ಟದೆ ಬಿಡುತ್ತಾರೆ, ಅಂಟು ಬಲಿಯಲಿ ಎಂದು. ಮರುದಿನ ಪೇಂಟ್ ಪೆನ್ನಿನಿಂದ ತಿರುಪಿನ ತಲೆಯ ಮೇಲಿನಿಂದ ಸಾಧನದ ಮೈವರೆಗೆ ಒಂದು ಗೆರೆ. ತಿರುಪು ಕೂದಲೆಳೆಯಷ್ಟು ತಿರುಗಿದರೂ ಗೆರೆ ಎರಡು ತುಂಡಾಗಿ ಕಾಣುತ್ತದೆ. ಶೂಟಿಂಗ್ ರೇಂಜಿಗೆ ಹೋಗಿ ಗುಂಡು ಹಾರಿಸಿ ಚುಕ್ಕೆಯನ್ನು ಗುರಿಗೆ ಹೊಂದಿಸುವುದು ಕೊನೆಯ ಹೆಜ್ಜೆ. ಆ ದಿನ ಮನೆಗೆ ಹೊರಡುವ ಮುನ್ನ ಗೆರೆಯನ್ನು ಇನ್ನೊಮ್ಮೆ ನೋಡುತ್ತಾರೆ.

ಬ್ಯಾಟರಿಯದ್ದೂ ಒಂದು ಮಾತು. ಅಂಗೈಯಲ್ಲಿ ನಾಣ್ಯದಂತಿರುವ ಸಿಆರ್2032 ಬ್ಯಾಟರಿ ಕೂಡ ಆ 1,200 ಪಟ್ಟು ಏಟಿಗೆ ಸಿಗುತ್ತದೆ. ಸಂಪರ್ಕದ ಎಲೆ ಬ್ಯಾಟರಿಯನ್ನು ಒಂದು ಕ್ಷಣ ಬಿಟ್ಟರೆ ಚುಕ್ಕೆ ಮಿಣುಕುತ್ತದೆ. ಬ್ಯಾಟರಿ ತಳದಲ್ಲಿರುವ ಮಾದರಿಗಳಲ್ಲಿ ಸಾಧನ ಮತ್ತು ಸ್ಲೈಡಿನ ನಡುವೆ ತೆಳು ಉಕ್ಕಿನ ಹಾಳೆ ಹಾಕುವುದು ನೀರಿಗಷ್ಟೇ ತಡೆಯಾಗಲಿ ಎಂದಲ್ಲ, ಬ್ಯಾಟರಿಯನ್ನು ಮೇಲಕ್ಕೆ ಒತ್ತಿ ಹಿಡಿಯಲಿ ಎಂದೂ ಹೌದು.

ಪುಣೆಗೆ ಮರಳೋಣ. ನಗರದ ಪಶ್ಚಿಮಕ್ಕೆ ಪಾಷಾಣ್ ಎಂಬಲ್ಲಿ ಡಿಆರ್‌ಡಿಒ ಸಂಸ್ಥೆಯ ಶಸ್ತ್ರಾಸ್ತ್ರ ಪ್ರಯೋಗಾಲಯ ಎಆರ್‌ಡಿಇ ಇದೆ. ಇನ್ಸಾಸ್ ರೈಫಲ್, ಪಿನಾಕ ರಾಕೆಟ್ ವಿನ್ಯಾಸಗೊಂಡದ್ದು ಅಲ್ಲಿ. 2021ರ ಜನವರಿಯಲ್ಲಿ ರಕ್ಷಣಾ ಸಚಿವಾಲಯ ಅಲ್ಲಿಯ ಇನ್ನೊಂದು ಕೂಸನ್ನು ತೋರಿಸಿತು: ‘ಅಸ್ಮಿ’ ಮಷಿನ್ ಪಿಸ್ತೂಲು. ಮಹೂ ಪದಾತಿ ಶಾಲೆಯ ಲೆಫ್ಟಿನೆಂಟ್ ಕರ್ನಲ್ ಪ್ರಸಾದ್ ಬನ್ಸೋಡ್ ಅವರ ವಿನ್ಯಾಸ, ಎಆರ್‌ಡಿಇ ಜೊತೆಗಾರಿಕೆ, ನಾಲ್ಕೇ ತಿಂಗಳ ಕೆಲಸ. ಮೇಲಿನ ಕವಚ ವಿಮಾನಕ್ಕೆ ಬಳಸುವ ದರ್ಜೆಯ ಅಲ್ಯೂಮಿನಿಯಂ, ಕೆಳಗಿನದು ಕಾರ್ಬನ್ ಫೈಬರ್. ಕುದುರೆಯ ಭಾಗಗಳನ್ನು ಲೋಹದ 3ಡಿ ಮುದ್ರಣದಲ್ಲಿ ಮಾಡಿ ನೋಡಿದರು. ಒಂದರ ತಯಾರಿಕೆ ವೆಚ್ಚ 50 ಸಾವಿರ ರೂಪಾಯಿಗಿಂತ ಕಡಿಮೆ ಎಂದು ಅಂದಾಜಿಸಿದ್ದರು. ಹೈದರಾಬಾದಿನ ಲೋಕೇಶ್ ಮಷಿನ್ಸ್ ತಯಾರಿಸಿದ 550 ಅಸ್ಮಿಗಳು 2024ರಲ್ಲಿ ಸೇನೆಯ ಉತ್ತರ ಕಮಾಂಡ್ ಸೇರಿದವು.

ಅಸ್ಮಿಯ ಬೆನ್ನ ಮೇಲೆ ಹಲ್ಲುಹಲ್ಲಾದ ಒಂದು ರೈಲು ಕಾಣುತ್ತದೆ. ಅದಕ್ಕೆ ಪಿಕಟಿನ್ನಿ ರೈಲು ಎಂದು ಹೆಸರು; ಅಮೆರಿಕದ ನ್ಯೂಜೆರ್ಸಿಯ ಶಸ್ತ್ರಾಗಾರವೊಂದರ ಹೆಸರು ಅದಕ್ಕೆ ಬಂದಿದೆ, ಅಳತೆಗಳು 1995ರಲ್ಲಿ ಸೇನಾ ಮಾನದಂಡವಾಗಿ ನಿಗದಿಯಾದವು. ಗಾಡಿಯ ಅಗಲ 5.23 ಮಿಲಿಮೀಟರ್, ಒಂದು ಗಾಡಿಯಿಂದ ಮತ್ತೊಂದಕ್ಕೆ 10.01 ಮಿಲಿಮೀಟರ್. ಜಗತ್ತಿನ ಯಾವ ಮೂಲೆಯ ಸಾಧನ ತಂದರೂ ಕೂರಬೇಕು ಎಂಬುದು ಉದ್ದೇಶ. ಈ ಅಧ್ಯಾಯಕ್ಕೆ ಮುಖ್ಯವಾದದ್ದು ರೈಲು ಇರುವ ಜಾಗ. ಅದು ಸ್ಥಿರವಾದ ಮೇಲ್ಕವಚದ ಮೇಲಿದೆ. ಹಿಂದೆ ಮುಂದೆ ಓಡುವ ಭಾಗ ಕವಚದ ಒಳಗಿದೆ. ಹಾಗಾಗಿ ಇಲ್ಲಿ ಕೂರಿಸಿದ ಚುಕ್ಕೆಗೆ ಸ್ಲೈಡಿನ ಸಾವಿರ ಪಟ್ಟು ಏಟು ತಗಲುವುದಿಲ್ಲ. ಇಡೀ ಬಂದೂಕಿಗೆ ಬರುವ, ಸ್ಪ್ರಿಂಗ್ ಮೆತ್ತಗಾಗಿಸಿದ ಏಟಷ್ಟೇ ಬರುತ್ತದೆ. ಸಾಧನದ ಅಡ್ಡಪಟ್ಟಿ ರೈಲಿನ ಗಾಡಿಯೊಳಗೆ ಕೂರುತ್ತದೆ. ಬಿಗಿಯುವ ಮೊದಲು ಸಾಧನವನ್ನು ನಳಿಕೆಯ ಕಡೆಗೆ ದೂಡಿ ಗಾಡಿಯ ಮುಂದಿನ ಗೋಡೆಗೆ ತಾಗಿಸಬೇಕು. ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಹೋಗುತ್ತದೆ, ಸಾಧನ ತನ್ನ ಜಡತ್ವದಿಂದ ಮುಂದಕ್ಕೆ ಜಾರಲು ನೋಡುತ್ತದೆ. ಮೊದಲೇ ಮುಂದಿನ ಗೋಡೆಗೆ ಆತುಕೊಂಡಿದ್ದರೆ ಜಾರಲು ಜಾಗವೇ ಇಲ್ಲ. ಎರಡು ಸೆಕೆಂಡಿನ ಕೆಲಸ, ಮರೆತರೆ ನೂರು ಗುಂಡು ವ್ಯರ್ಥ.

ಅದೇ ಪುಣೆಯ ಬಾಲೇವಾಡಿಯಲ್ಲಿ 2008ರ ಕಾಮನ್‌ವೆಲ್ತ್ ಯುವ ಕ್ರೀಡಾಕೂಟ ನಡೆದ ಕ್ರೀಡಾನಗರಿಯಿದೆ. ಅಲ್ಲಿಯ ಶೂಟಿಂಗ್ ರೇಂಜಿನಲ್ಲಿ ಪಿಸ್ತೂಲು ಹಿಡಿದ ಮಕ್ಕಳ ಕೈಯಲ್ಲಿ ಕೆಂಪು ಚುಕ್ಕೆ ಹುಡುಕಿದರೆ ನಿರಾಸೆಯಾಗುತ್ತದೆ. ಒಲಿಂಪಿಕ್ ಪಿಸ್ತೂಲು ಸ್ಪರ್ಧೆಗಳಲ್ಲಿ ತೆರೆದ ಕಬ್ಬಿಣದ ಸೈಟಿಗೆ ಮಾತ್ರ ಅನುಮತಿ. ಮಸೂರ, ಕನ್ನಡಿ, ಚುಕ್ಕೆ ಎಲ್ಲ ನಿಷಿದ್ಧ. ಇದು ಸರಿಯಾದ ನಿಯಮವೆಂದೇ ನನ್ನ ಅಭಿಪ್ರಾಯ, ಅಲ್ಲಿ ಪರೀಕ್ಷೆ ನಡೆಯುವುದು ಕಣ್ಣಿಗೂ ಕೈಗೂ.

ಪಿಂಪ್ರಿ-ಚಿಂಚ್‌ವಾಡದ ವಾಹನ ಕಾರ್ಖಾನೆಗಳಿಂದ ಹಿಡಿದು, ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರ ಹೆಸರು ಹೊತ್ತ ಖಡ್ಕಿಯ ಇಂಜಿನ್ ಕಾರ್ಖಾನೆಯವರೆಗೆ ಪುಣೆ ಬದುಕುವುದೇ ನಟ್ಟು ಬೋಲ್ಟುಗಳ ಮೇಲೆ. ಪಿಸ್ತೂಲಿನ ತಿರುಪಿನ ಮೇಲೆ ಆರ್ಮರರ್ ಎಳೆಯುವ ಗೆರೆ ವಾಹನ ಕಟ್ಟುವವರಿಗೂ ಹೊಸದಲ್ಲ: ಬಿಗಿದ ಬೋಲ್ಟಿನ ಮೇಲೆ ಬಣ್ಣದ ಒಂದು ಗೆರೆ, ‘ಇದನ್ನು ಅಳತೆಗೆ ಬಿಗಿದಿದ್ದೇನೆ’ ಎಂಬ ಸಹಿ. ಮುಂದಿನ ಸಲ ಬಸ್ಸು ಹತ್ತುವ ಮೊದಲು ಚಕ್ರದ ನಟ್ಟುಗಳನ್ನು ಒಮ್ಮೆ ನೋಡಿ. ಗೆರೆ ಇದ್ದು, ಅದು ಒಂದು ನಟ್ಟಿನ ಮೇಲಾದರೂ ತುಂಡಾಗಿ ಕಂಡರೆ, ಸಂಕೋಚ ಪಡದೆ ಚಾಲಕರಿಗೆ ಹೇಳಿ.